ಕೂರದ ಗಾಜು

ಉಮಾಮಹೇಶ್ವರರಿಗೆ ಲಕ್ವ ಹೊಡೆದಾಗ ವಿಮಾನಕ್ಕೆ ಗಾಜು ಕೂರಿಸುವುದೊಂದು ಬಾಕಿ ಇತ್ತು.

ಗಾಜು ಅಂದರೆ ಗಾಜಲ್ಲ, ಆಚೆ ಕಾಣುವಂಥ ತೆಳು ಪ್ಲಾಸ್ಟಿಕ್ಕು. ಪೈಲಟ್ ಕೂರುವ ಜಾಗದ ಮೇಲೆ ಮುಚ್ಚುವ, ಹೆಬ್ಬೆರಳಿನಷ್ಟು ಉದ್ದದ ಗುಳ್ಳೆ. ವಾಯುಪಡೆಯಲ್ಲಿ ಇದ್ದಷ್ಟು ಕಾಲವೂ ಅವರು ನಿಜವಾದ ವಿಮಾನಗಳಿಗೆ ಅಂಥದ್ದನ್ನು ಕೂರಿಸಿದವರು. ನಿವೃತ್ತರಾಗಿ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ವಠಾರಕ್ಕೆ ಬಂದ ಮೇಲೆ ಅದೇ ಜಾತಿಯ ವಿಮಾನದ ಪ್ಲಾಸ್ಟಿಕ್ ಮಾದರಿಯೊಂದನ್ನು ತರಿಸಿಕೊಂಡು, ಒಂದೊಂದೇ ತುಂಡು ಅಂಟಿಸುತ್ತಾ ಬಂದಿದ್ದರು. ಒಳಗಿನ ಸೀಟು, ಅದರ ಪಟ್ಟಿ, ಎದುರಿನ ಗಡಿಯಾರದಂಥ ಮುಳ್ಳುಗಳ ಫಲಕ, ಎಲ್ಲಕ್ಕೂ ಉಸಿರು ಹಿಡಿದು ಬಣ್ಣ ಹಚ್ಚಿದ್ದರು. ಗಾಜು ಮುಚ್ಚಿದ ಮೇಲೂ ಅದೆಲ್ಲ ಹೊರಗಿನಿಂದ ಕಾಣಬೇಕು. ಅಷ್ಟರಲ್ಲಿ ಬಲಗೈ ಹೋಯಿತು, ಮಾತೂ ಬಹುಪಾಲು ಹೋಯಿತು.

ಆಸ್ಪತ್ರೆಯಿಂದ ಬಂದವರು ಹೆಂಡತಿ ಗಂಗಾಂಬಿಕೆಯ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಎಡಗೈಯಲ್ಲಿ ಕಪಾಟು ತೋರಿಸಿ, "ಗಾ… ಗಾಜು" ಅಂದರು. ಇನ್ನೊಂದು ಸಲ ಹೊಡೆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವರಿರುವಾಗಲೇ, ಅವರ ಕಣ್ಣೆದುರಿಗೇ ಇದೊಂದು ಮುಗಿಯಲಿ ಎಂದು ಗಂಗಾಂಬಿಕೆ ಮಂಚದ ಪಕ್ಕಕ್ಕೆ ಟೀಪಾಯಿ ಎಳೆದುಕೊಂಡರು.

ಗಾಜು ಕೂರಲೇ ಇಲ್ಲ. ಮುಂದೆ ಒತ್ತಿದರೆ ಹಿಂದೆ ಏಳುತ್ತಿತ್ತು, ಹಿಂದೆ ಒತ್ತಿದರೆ ಪಕ್ಕದಲ್ಲಿ ಉಗುರು ತೂರುವಷ್ಟು ಸಂದು. ಗಂಗಾಂಬಿಕೆ ಗಾಜಿನ ಅಂಚಿಗೆ ಉಪ್ಪುಕಾಗದ ಹಿಡಿದ ಕೂಡಲೇ ಅವರು ಎಡಗೈಯಿಂದ ಹಾಸಿಗೆ ತಟ್ಟಿದರು.

"ಬೇಡ."

"ಮತ್ತೆ ಎಲ್ಲಿ ಉಜ್ಜಲಿ?"

ಅವರು ವಿಮಾನದ ಹೊಟ್ಟೆಯೊಳಗೆ, ಸೀಟಿನ ಎರಡೂ ಪಕ್ಕದ ಗೋಡೆಗಳ ಕಡೆಗೆ ಬೆರಳು ಮಾಡಿದರು. ನೋಡಿದರೆ ಹೌದು, ಗಾಜು ಸರಿಯಾಗಿಯೇ ಇತ್ತು. ಒಳಗೋಡೆಗಳು ದಪ್ಪವಾಗಿ ಅದನ್ನು ಮೇಲಕ್ಕೆ ದೂಡುತ್ತಿದ್ದವು. ಅಂದಿನಿಂದ ಗಂಗಾಂಬಿಕೆ ಒಂಚೂರು ಕೆರೆಯುವುದು, ಗಾಜು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುವುದು, ಎಲ್ಲಿ ತಾಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಮಾಡಿ ಮತ್ತೆ ಕೆರೆಯುವುದು. ಇಡೀ ದಿನದ ಕೆಲಸಕ್ಕೆ ಸಂದು ಒಂದು ಕೂದಲೆಳೆಯಷ್ಟು ಇಳಿದರೆ ಹೆಚ್ಚು.

ಪಕ್ಕದ ಮನೆಯ ಕಮಲಕ್ಕ ದಿನಾ ಬರುತ್ತಿದ್ದಳು. ಬಚ್ಚಲ ಹಂಡೆಗೆ ಬೆಂಕಿ ಹಾಕಿ, ಉಮಾಮಹೇಶ್ವರರನ್ನು ಮಗ್ಗುಲು ಮಾಡಿಸಲು ಕೈಕೊಟ್ಟು, ಹೋಗುವಾಗ ಬಾಗಿಲ ಮುಂದಿನ ಹಾವಸೆಯನ್ನೂ ತಿಕ್ಕಿ ಹೋಗುವವಳು. ಯಾರೂ ಕೇಳದೆ ತಾನಾಗಿಯೇ ಮಾಡುವವಳು.

"ಎಂತ ಅಣ್ಣಯ್ಯ, ಇಷ್ಟೊತ್ತಿಗೆ ನಿಜವಾದ ವಿಮಾನ ಡೆಲ್ಲಿಗೆ ಹೋಗಿ ವಾಪಸ್ ಬರ್ತಿತ್ತು. ನಿಮ್ಮದು ಇನ್ನೂ ಮಂಚದ ಪಕ್ಕಾನೇ ನಿಂತಿದ್ಯಲ್ಲ ಮಾರಾಯ್ರೆ."

ಉಮಾಮಹೇಶ್ವರರ ಅರ್ಧ ಮುಖ ನಕ್ಕಿತು.

"ಗಂಗಕ್ಕನ್ನ ಡ್ರೈವರ್ ಮಾಡಿದ್ರೆ ಹಿಂಗೇ ಆಗೋದು" ಎಂದು ಅವಳು ಬಚ್ಚಲಿಗೆ ಹೋದಳು.

ಕೊನೆಗೂ ಒಂದು ಮಧ್ಯಾಹ್ನ ಗಾಜು ಕೂತಿತು. ಉಮಾಮಹೇಶ್ವರರು ಎಡಗೈಯ ಉಗುರನ್ನು ಸುತ್ತಲೂ ಆಡಿಸಿ ನೋಡಿದರು. ಎಲ್ಲೂ ತಡೆಯಲಿಲ್ಲ. ಆ ಬೆರಳು ಮತ್ತೊಂದು ಸುತ್ತು ಹೋಯಿತು, ಸುಮ್ಮನೆ.

ಗಂಗಾಂಬಿಕೆ ಕ್ಷಣದಲ್ಲಿ ಹಿಡಿಯುವ ಅಂಟಿನ ಟ್ಯೂಬು ಎತ್ತಿಕೊಂಡರೆ ಅದಕ್ಕೂ "ಬೇಡ." ಅದರ ಆವಿ ತಾಗಿದರೆ ಗಾಜು ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ; ಮೊದಲೇ ಒಮ್ಮೆ ಹೇಳಿದ್ದರು, ಮಾತಿದ್ದಾಗ. ಹಾಗಾಗಿ ಮರಕ್ಕೆ ಹಚ್ಚುವ ಬಿಳಿ ಅಂಟನ್ನೇ ಕಡ್ಡಿಯ ತುದಿಯಲ್ಲಿ ತೆಗೆದು ಅಂಚಿಗೆ ಹಚ್ಚಿ, ಮೇಲೆ ಟೇಪು ಕಟ್ಟಿದರು. ಒಣಗಿದರೆ ಅಂಟು ಕಾಣುವುದಿಲ್ಲ. ಆದರೆ ಆಷಾಢದಲ್ಲಿ ಒಣಗಬೇಕಲ್ಲ. ಕಡ್ಡಿಪೆಟ್ಟಿಗೆಯೂ ಮೆತ್ತಗಾಗುವ ಕಾಲ. ಮಾರನೇ ದಿನ ನೋಡಿದರೂ ಅಂಟು ಹಾಲಿನಂತೆ ಹಸಿಯಾಗಿಯೇ ಇತ್ತು.

"ಇರಲಿ, ತಾನಾಗಿ ಒಣಗಲಿ. ಅವಸರ ಎಂತದು" ಎಂದು ಹೇಳಿ, ಇಲ್ಲಿ ಸಿಗದ ಮಾತ್ರೆಗಾಗಿ ಗಂಗಾಂಬಿಕೆ ಕೊಪ್ಪದ ಬಸ್ಸು ಹತ್ತಿದರು. ಗಂಡನನ್ನು ನೋಡಿಕೊಳ್ಳಲು ಕಮಲಕ್ಕ ಇದ್ದಳು.

ಗಂಗಾಂಬಿಕೆ ತಿರುಗಿ ಬರುವಾಗ ಕಮಲಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಸಂಭ್ರಮ.

"ಗಂಗಕ್ಕ, ನಿಮ್ಮ ವಿಮಾನ ಒಣಗಕ್ಕೆ ಇಟ್ಟಿದೀನಿ. ಅಂಟು ಹಸಿ ಹಸಿ ಇತ್ತು, ನೋಡಿ ಬೇಜಾರಾಯ್ತು. ನೀರು ಹೆಂಗೂ ಕುದೀತಿತ್ತು, ಹಂಡೆ ಮುಚ್ಚಳದ ಮೇಲೆ ಇಟ್ಟೆ."

ಆ ವಠಾರದಲ್ಲಿ ಮಳೆಗಾಲಕ್ಕೆ ಹಂಡೆಯ ಮುಚ್ಚಳವೇ ಬಿಸಿಲು. ಉಪ್ಪಿನ ಡಬ್ಬಿ, ಕಡ್ಡಿಪೆಟ್ಟಿಗೆ, ಎಳೆಮಕ್ಕಳ ಬಟ್ಟೆ, ಒದ್ದೆಯಾದ ನೋಟು, ಎಲ್ಲ ಅಲ್ಲೇ ಒಣಗಬೇಕು. ಗಂಗಾಂಬಿಕೆಯೂ ನಿನ್ನೆ ತಾನೇ ಟವೆಲು ಒಣಗಿಸಿದ್ದು ಅಲ್ಲೇ.

"ಇವರು ಏನಾದ್ರೂ ಅಂದ್ರಾ?"

"ಅಣ್ಣಯ್ಯ ಏನೋ ಹೇಳಕ್ಕೆ ಒದ್ದಾಡ್ತಿದ್ರು, ಪಾಪ. ಬೇ ಬೇ ಅಂತಿದ್ರು. ಬಾಯಾರಿಕೆ ಆಗಿರ್ಬೇಕು ಅಂತ ನೀರು ಕುಡಿಸ್ದೆ. ಮತ್ತೂ ಹಂಗೇ ಮಾಡಿದ್ರು, ಇನ್ನೊಂದು ಲೋಟ ಕೊಟ್ಟೆ. ಆಮೇಲೆ ಸುಮ್ಮನಾದ್ರು."

ಗಂಗಾಂಬಿಕೆ ಚಪ್ಪಲಿಯಲ್ಲೇ ಬಚ್ಚಲಿಗೆ ಹೋದರು. ಗಾಜು ಸುಟ್ಟ ಹಪ್ಪಳದಂತೆ ಅಂಚು ಮಡಚಿಕೊಂಡು ಮೇಲೆದ್ದಿತ್ತು. ಒಂದು ರೆಕ್ಕೆ ಬಾಡಿದ ಎಲೆಯಂತೆ ಕೆಳಗೆ ಬಿದ್ದಿತ್ತು. ಸೀಟಿನ ಪಟ್ಟಿಗಳು ಮಾತ್ರ ಇದ್ದ ಹಾಗೇ ಇದ್ದವು.

"ಒಣಗಿತಾ?" ಹಿಂದಿನಿಂದ ಕಮಲಕ್ಕನ ದನಿ.

ಗಂಗಾಂಬಿಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಹೂಂ, ಒಣಗ್ತಾ ಇದೆ. ನೀ ಮನೆಗೆ ಹೋಗು ಮಾರಾಯ್ತಿ, ಬೆಳಗ್ಗಿಂದ ಇಲ್ಲೇ ಇದೀಯ."

ಉಮಾಮಹೇಶ್ವರರು ಬಾಗಿಲ ಕಡೆಗೇ ನೋಡುತ್ತಾ ಮಲಗಿದ್ದರು. ಎಡಗೈ ಚಾಚಿದರು. ಕೊಡದೆ ಇರಲು ಗಂಗಾಂಬಿಕೆಗೆ ಆಗಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದರು, ಬಾಡಿದ ರೆಕ್ಕೆಯನ್ನು ಅದೇ ಕೈಯ ಹೆಬ್ಬೆರಳಿನಿಂದ ಒಮ್ಮೆ ಎತ್ತಿ ನೋಡಿದರು. ಅದು ಮತ್ತೆ ಬಿತ್ತು.

"ಇನ್ನೊಂದು ತರಿಸೋಣ" ಅಂದರು ಗಂಗಾಂಬಿಕೆ. ಈಗ ಆ ಮಾದರಿಯನ್ನು ಯಾವ ಕಂಪನಿಯೂ ಮಾಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಲಕ್ವ ಹೊಡೆದ ಕಡೆಯ ಕಣ್ಣು ಯಾವಾಗಲೂ ಒಸರುತ್ತಿತ್ತು, ಸೆರಗಿನಿಂದ ಒರೆಸಿದರು. ಇನ್ನೊಂದು ಕಣ್ಣನ್ನು ನೋಡಲಿಲ್ಲ.

ಮರುದಿನ ಬೆಳಗ್ಗೆ ಕಮಲಕ್ಕ ತಟ್ಟೆಯಲ್ಲಿ ಬಿಸಿ ಕಡುಬು ಹಿಡಿದು ಒಳಗೆ ಬಂದಳು. ಟೀಪಾಯಿ ಖಾಲಿ ಇತ್ತು.

"ಅಣ್ಣಯ್ಯ, ಒಣಗಿತಾ?"

ಗಂಗಾಂಬಿಕೆ ಬಾಯಿ ತೆರೆಯುವುದರೊಳಗೆ ಉಮಾಮಹೇಶ್ವರರ ಎಡಗೈ ಅವರ ಮಣಿಕಟ್ಟು ಹಿಡಿದಿತ್ತು. ಗಂಡನ ಕತ್ತಿನ ನರ ಉಬ್ಬಿತು. ತುಟಿ ತಡಕಾಡಿತು. ಕಮಲಕ್ಕ ತಟ್ಟೆ ಹಿಡಿದು ತಾಳ್ಮೆಯಿಂದ ಕಾದಳು.

"ಒ… ಒಣ… ಒಣಗಿತು."

"ಹಂಡೆ ಮೇಲಿಟ್ರೆ ಒಣಗದೆ ಇರ್ತದಾ?" ಕಮಲಕ್ಕ ಹಿಗ್ಗಿಹೋದಳು. "ಅದನ್ನ ಹೇಳಕ್ಕೆ ಎಷ್ಟು ಕಷ್ಟಪಟ್ರು ನೋಡಿ, ಪಾಪ."

ಗಂಗಾಂಬಿಕೆ ಕಡುಬನ್ನು ಚಿಕ್ಕದಾಗಿ ಮುರಿದು ಅವರ ಬಾಯಿಗಿಟ್ಟರು. ಅವರು ಅಗಿದು ನುಂಗಿದರು. ಆಮೇಲೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆ ಮಳೆಗಾಲದಲ್ಲಿ ಆ ಕೈ ಮತ್ತೆ ಯಾವುದನ್ನೂ ತೋರಿಸಿ ಕೇಳಲಿಲ್ಲ.