ದೂರದಿಂದ ಕಳಿಸಿದ ಬಿಸಿ

ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿದವಳು. ಅಂಗಡಿಗೆ ಮೆಷಿನ್ ಬಂದಾಗ ಅವಳನ್ನು ಮನೆಗೆ ಕಳಿಸಿದರು. ಅದೇ ವರ್ಷ, ಬೆಳಿಗ್ಗೆ ಸ್ನಾನಕ್ಕೆ ಹೋದ ಗಂಡ ಬಚ್ಚಲಲ್ಲೇ ಕುಸಿದು ತೀರಿಕೊಂಡ. ಮಕ್ಕಳಿರಲಿಲ್ಲ. ಆಮೇಲೆ ಎಂಟು ತಿಂಗಳು ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ತಲೆ ಬಾಚಿದರೆ ಬಾಚಿದಳು, ಇಲ್ಲದಿದ್ದರೆ ಇಲ್ಲ. ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ, ಕೊನೆಗೆ ಆ ಮನೆಯನ್ನೇ ದಾಟಿಕೊಂಡು ಹೋಗತೊಡಗಿದ.

ಆ ಎಂಟು ತಿಂಗಳೂ ಒಂದು ದಿನ ತಪ್ಪದೆ ಫೋನ್ ಮಾಡಿದವಳು ತಂಗಿ. ಆರು ವರ್ಷ ಚಿಕ್ಕವಳು. ಸಣ್ಣ ಮೈ, ಬಿಡುವಿಲ್ಲದ ಬಾಯಿ, ಹಾಗಾಗಿ ಮನೆಯಲ್ಲಿ ಗುಬ್ಬಿ ಎಂದೇ ಹೆಸರು. ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದ ಇನ್ನೊಂದು ಊರಿನಲ್ಲಿ ಶಾಲೆಯ ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಅವಳದು. ಗಂಡ ಬಸ್ ಡ್ರೈವರ್.

"ಎದ್ಯೇನೇ ಅಕ್ಕಾ? ಹಲ್ಲಾದ್ರೂ ಉಜ್ಜಿದ್ಯಾ?"

"ಹೂಂ."

"ಸುಳ್ಳು. ನಿನ್ನ ಬಾಯಿ ವಾಸನೆ ಇಲ್ಲಿಗೆ ಬರ್ತಿದೆ."

ಅಕ್ಕ ನಗುತ್ತಿರಲಿಲ್ಲ. ತಂಗಿಯೂ ಬಿಡುತ್ತಿರಲಿಲ್ಲ.

ಕೊನೆಗೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು ಮೇಲಿನ ಮನೆಯ ಟೀಚರು. ಔಷಧಿ ಅಂಗಡಿಯ ಮೇಲಿನ ಹಾಲ್‌ನಲ್ಲಿ, ದೂರದಿಂದಲೇ ನೋವು ಗುಣ ಮಾಡುವುದನ್ನು ಕಲಿಸುವ ಮೂರು ದಿನದ ಕ್ಲಾಸು ಇದೆ ಎಂದು ಕೈ ಹಿಡಿದು ಎಳೆದುಕೊಂಡೇ ಹೋದರು. ಕಲಿಸುತ್ತಿದ್ದ ಮೇಡಂ ಮೊದಲು ವಿಮೆ ಏಜೆಂಟ್ ಆಗಿದ್ದವರಂತೆ. ಮಾತು ಬೆಣ್ಣೆಯ ಹಾಗೆ ಜಾರುತ್ತಿತ್ತು. ಅಂಗೈಗಳನ್ನು ಬಿಸಿಯಾಗುವವರೆಗೆ ಉಜ್ಜಬೇಕು. ದೂರದಲ್ಲಿರುವವರ ಫೋಟೋ ಎದುರಿಗಿಟ್ಟುಕೊಂಡು ಹೆಸರನ್ನು ಮೂರು ಸಲ ಹೇಳಬೇಕು. ಒಂದು ದಿಂಬನ್ನೇ ಅವರ ಮೈ ಎಂದುಕೊಳ್ಳಬೇಕು, ಈ ತುದಿ ತಲೆ, ಆ ತುದಿ ಪಾದ. ನೋವಿರುವ ಜಾಗದ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿಯಬೇಕು. ಅದೇ ಹೊತ್ತಿಗೆ ಆಚೆ ಕಡೆಯವರು ಕಾಲು ಬಿಡಿಸಿ, ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ ಮಲಗಿರಬೇಕು.

"ಶಕ್ತಿಗೆ ದೂರ ಅನ್ನೋದೇ ಇಲ್ಲ. ಅದನ್ನ ತಡೆಯೋದು ನಮ್ಮ ಸಂಶಯ ಮಾತ್ರ," ಎಂದರು ಮೇಡಂ. ಔಷಧಿ ಬಿಡಿ ಅಂತ ಯಾರಿಗೂ ಹೇಳಬೇಡಿ ಎಂದೂ ಹೇಳಿದರು, ಆದರೆ ಅದು ಕೊನೆಯ ದಿನ, ಎಲ್ಲರೂ ತಂತಮ್ಮ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ.

ಅವಳು ಮೊದಲು ಶಕ್ತಿ ಕಳಿಸಿದ್ದು ತಂಗಿಗೆ. ರಟ್ಟು ಕತ್ತರಿಸಿ ಕತ್ತರಿಸಿ ಗುಬ್ಬಿಯ ಬಲಭುಜ ಹಿಡಿದುಕೊಂಡಿತ್ತು. ಬೆಳಿಗ್ಗೆ ಆರೂವರೆಗೆ ಎಂದು ಗೊತ್ತು ಮಾಡಿಕೊಂಡರು. ಇಪ್ಪತ್ತು ನಿಮಿಷ ದಿಂಬಿನ ಮೇಲೆ ಕೈ ಹಿಡಿದು, ತೋಳು ಸೋತು, ಅಕ್ಕ ಫೋನ್ ಎತ್ತಿಕೊಂಡಳು.

"ಏನಾದ್ರೂ ಅನ್ನಿಸ್ತೇನೇ?"

ಆಚೆ ಕಡೆ ಗುಬ್ಬಿ ಎದ್ದು ಕೂತ ಸದ್ದಾಯಿತು. ಆಮೇಲೆ, "ಅಕ್ಕಾ! ಬಿಸಿ ಬಂತು ಕಣೇ. ಯಾರೋ ಭುಜದ ಮೇಲೆ ಕೈ ಇಟ್ಟ ಹಾಗೇ ಆಯ್ತು!"

ಕನ್ನಡಕದಕ್ಕ ಫೋನ್ ಹಿಡಿದುಕೊಂಡೇ ಅತ್ತಳು. ಅವತ್ತು ಮನೆಯ ಕಿಟಕಿಗಳನ್ನೆಲ್ಲ ತೆಗೆದಳು, ನೆಲ ಒರೆಸಿದಳು, ಗಂಡನ ಅಂಗಿಗಳನ್ನು ಒಗೆದು ಮಡಚಿ ಪೆಟ್ಟಿಗೆಗೆ ಹಾಕಿದಳು. ಇಪ್ಪತ್ತಾರು ವರ್ಷ ಗಾಜು ಉಜ್ಜಿ ಯಾರಿಗೂ ಬೇಡವಾದ ಕೈಗಳಿಗೆ ಒಂದು ಕೆಲಸ ಸಿಕ್ಕಿತ್ತು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮಂಡಿನೋವಿನ ಪೋಸ್ಟ್‌ಮ್ಯಾನ್, ನಿದ್ದೆ ಬಾರದ ಕ್ಷೌರದವನ ಹೆಂಡತಿ, ತಲೆಸುತ್ತಿನ ಮುದುಕಿಯರು, ಹೀಗೆ ವರ್ಷ ತುಂಬುವುದರೊಳಗೆ ಹನ್ನೊಂದು ಜನ. ಯಾರಿಂದಲೂ ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ. ಅವರು "ಈಗ ಹಗುರಾಯ್ತು" ಎಂದರೆ ಸಾಕು, ಅವಳ ಹೊಟ್ಟೆ ತುಂಬುತ್ತಿತ್ತು.

ಒಂದು ದಿನ ತಂಗಿ ಮಾತಿನ ನಡುವೆ, ಅದೇನೂ ದೊಡ್ಡದಲ್ಲ ಎನ್ನುವ ಹಾಗೆ ಹೇಳಿದಳು: "ಎಡಗಡೆ ಎದೆ ಕೆಳಗೆ ಏನೋ ಗಂಟು ಸಿಗ್ತಿದೆ ಕಣೇ. ಕಲ್ಲಿನ ಚೂರಿನ ಹಾಗಿದೆ. ಒತ್ತಿದ್ರೆ ನೋವಿಲ್ಲ."

"ಡಾಕ್ಟರಿಗೆ ತೋರಿಸು."

"ತೋರಿಸ್ತೀನಿ. ನೀನೂ ಕಳಿಸ್ತೀಯಲ್ಲ?"

ಕಳಿಸಿದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೂರು ವಾರವಾದ ಮೇಲೆ ಗುಬ್ಬಿ, "ಅಕ್ಕಾ, ಗಂಟು ಸಣ್ಣದಾದ ಹಾಗಿದೆ," ಎಂದಳು. ಇನ್ನೊಂದು ತಿಂಗಳಿಗೆ, "ಹುಡುಕಿದ್ರೂ ಸಿಗ್ತಿಲ್ಲ ಕಣೇ!" ಡಾಕ್ಟರು ಏನಂದರು ಎಂದು ಅಕ್ಕ ಕೇಳಲಿಲ್ಲ. ಕೇಳಬೇಕು ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಸಂತೋಷ ಎಲ್ಲಿ ಕೆಟ್ಟುಹೋದೀತೋ ಎಂದು ನುಂಗಿಕೊಂಡಳು. ಅಂದಿನಿಂದ ಹೊಸಬರು ಯಾರೇ ಬಂದರೂ ತಂಗಿಯ ಗಂಟು ಕರಗಿದ ಕತೆಯನ್ನೇ ಹೇಳಿದಳು.

ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಡ್ರೈವರ್ ಫೋನ್ ಮಾಡಿದ.

"ಅಕ್ಕಾ, ಒಂದ್ಸಲ ಬಂದುಬಿಡಿ."

"ಏನಾಯ್ತಪ್ಪಾ?"

"ಆಸ್ಪತ್ರೇಲಿದಾಳೆ. ಕ್ಯಾನ್ಸರಂತೆ, ಬೆನ್ನುಮೂಳೆವರೆಗೂ ಹೋಗಿದೆಯಂತೆ. ಬನ್ನಿ ಅಕ್ಕಾ, ನಂಗೆ ಏನೂ ತೋಚ್ತಿಲ್ಲ."

ಬಸ್ಸಿನ ಒಂಬತ್ತು ಗಂಟೆಯೂ ಅವಳು ಅಂಗೈ ಉಜ್ಜುತ್ತಲೇ ಇದ್ದಳು. ಪಕ್ಕದಲ್ಲಿ ಕೂತ ಹೆಂಗಸು ಚಳಿಯೇನೋ ಎಂದುಕೊಂಡು ಕಿಟಕಿ ಮುಚ್ಚಿದಳು.

ಹೆಂಗಸರ ವಾರ್ಡಿನ ಆರನೆಯ ಮಂಚ. ಮೊದಲು ಅವಳು ಅದನ್ನು ದಾಟಿಕೊಂಡೇ ಹೋದಳು. "ಅಕ್ಕಾ, ಇಲ್ಲಿ," ಎಂದು ಕರೆದಾಗ ತಿರುಗಿ ನೋಡಿದರೆ, ಹೊದಿಕೆಯ ಮೇಲೆ ಎರಡು ಕೈ, ದಿಂಬಿನ ಮೇಲೆ ಎರಡು ಕಣ್ಣು, ಅಷ್ಟೇ ಉಳಿದಿತ್ತು ಗುಬ್ಬಿಯಲ್ಲಿ.

ಡ್ರೈವರ್ ನೀರು ತರಲು ಹೋದ. ಅಕ್ಕ ಸ್ಟೂಲಿನ ಮೇಲೆ ಕೂತಳು. ಕೇಳಬೇಕಾದ್ದನ್ನು ಈಗಲೂ ಕೇಳದಿದ್ದರೆ ಇನ್ನೆಂದೂ ಕೇಳಲಾರಳು ಎನ್ನಿಸಿತು.

"ಕರಗಿತು ಅಂದ್ಯಲ್ಲೇ."

"ಅಂದೆ."

"ಕರಗಿತ್ತಾ?"

ಗುಬ್ಬಿ ತಲೆ ಅಲ್ಲಾಡಿಸಿದಳು. "ಒಂದು ದಿನಾನೂ ಇಲ್ಲ. ಬೆಳೀತಾನೇ ಇತ್ತು."

"ಮತ್ತೆ ಭುಜ? ಮೊದಲನೇ ದಿನ? ಬಿಸಿ?"

"ಬೈಬೇಡ ಅಕ್ಕಾ. ಏನೂ ಬಂದಿರಲಿಲ್ಲ. ಎಂಟು ತಿಂಗಳಾದ ಮೇಲೆ ಅವತ್ತು ನಿನ್ನ ದನೀಲಿ ಜೀವ ಇತ್ತು. ಇಲ್ಲ ಅಂದ್ರೆ ಮತ್ತೆ ಗೋಡೆ ಕಡೆ ತಿರುಗಿಬಿಡ್ತೀಯ ಅಂತ ಭಯ ಆಯ್ತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆಮೇಲೆ ಹಿಂದೆ ಹೋಗೋಕೆ ದಾರೀನೇ ಇರಲಿಲ್ಲ."

"ನನಗೋಸ್ಕರ ಜೀವ ಕಳ್ಕೊಂಡ್ಯೇನೇ, ಪಾಪಿ?"

"ಎಲ್ಲಾ ನಿನ್ನ ಮೇಲೇ ಹಾಕ್ಕೋಬೇಡ." ಗುಬ್ಬಿ ಉಸಿರು ಎಳೆದುಕೊಂಡಳು. "ನಂಗೂ ಹೆದರಿಕೆ ಇತ್ತು. ಕತ್ತರಿ, ಸೂಜಿ, ಕೂದಲು ಉದುರೋದು. ಇವರು ಆಸ್ಪತ್ರೆಗೆ ಹೋಗೋಣ ಅಂದಾಗಲೆಲ್ಲ, ಅಕ್ಕ ನೋಡ್ಕೋತಿದಾಳೆ ಅಂತಿದ್ದೆ. ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೆ, ಚಿಕ್ಕವಳಿದ್ದಾಗಿನ ಹಾಗೆ."

ಅಕ್ಕನಿಗೆ ಕೂಗಬೇಕೆನ್ನಿಸಿತು. ವಾರ್ಡಿನ ತುಂಬ ಮಲಗಿದವರಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಕೈ ಇಡೇ ಅಕ್ಕಾ," ಎಂದಳು ಗುಬ್ಬಿ. "ಇಷ್ಟು ಹತ್ರ ಬಂದಿದೀಯಾ. ದಿಂಬಿನ ಮೇಲಲ್ಲ, ನನ್ನ ಮೇಲೆ ಇಡು."

ಅವಳು ಇಟ್ಟಳು. ಕೈಯಡಿಯಲ್ಲಿ ಎಲುಬು ಒಂದೊಂದೂ ಬೇರೆಬೇರೆಯಾಗಿ ಸಿಕ್ಕಿತು.

"ಬಿಸಿ ಇದೆ," ಎಂದಳು ಗುಬ್ಬಿ, ಕಣ್ಣು ಮುಚ್ಚಿ.

ಅದು ನಿಜವೋ, ಇದೂ ತನಗಾಗಿ ಹೇಳಿದ್ದೋ, ಅಕ್ಕನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದರೂ ತಿಳಿಯುವಂತಿರಲಿಲ್ಲ. ಹನ್ನೆರಡನೆಯ ದಿನ, ನರ್ಸ್ ಹೊದಿಕೆ ಬದಲಿಸುತ್ತಿದ್ದಾಗ, ಗುಬ್ಬಿ ಹೋದಳು.

ಡ್ರೈವರ್ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬಸ್ಸು ಹತ್ತಿಸಲು ಬಂದವನು, ಅವಳ ಚೀಲವನ್ನು ಮೇಲಿಟ್ಟು, "ನಾನೂ ನಂಬಿದ್ದೆ ಅಕ್ಕಾ. ನಂಬೋದು ಸುಲಭ ಇತ್ತು," ಎಂದಷ್ಟೇ ಹೇಳಿ ಇಳಿದುಹೋದ.

ಮನೆಗೆ ಬಂದ ಮೂರನೆಯ ದಿನ ಅವಳು ತಾನು ಶಕ್ತಿ ಕಳಿಸುತ್ತಿದ್ದವರ ಪಟ್ಟಿ ಹಿಡಿದು ಕೂತು ಎಲ್ಲರಿಗೂ ಫೋನ್ ಮಾಡಿದಳು. ಒಂದೇ ಪ್ರಶ್ನೆ: "ನಂಗೆ ಬೇಜಾರಾಗುತ್ತೆ ಅಂತ ನೋಡಬೇಡಿ, ನಿಜ ಹೇಳಿ. ನಿಮಗೆ ಏನಾದ್ರೂ ಅನ್ನಿಸಿತ್ತಾ?"

ಪೋಸ್ಟ್‌ಮ್ಯಾನ್ ನಕ್ಕುಬಿಟ್ಟ: "ನಿದ್ದೆ ಮಾತ್ರ ಸೊಗಸಾಗಿ ಬರ್ತಿತ್ತಕ್ಕ." ಕ್ಷೌರದವನ ಹೆಂಡತಿ, ಬಿಸಿ ನಿಜವಾಗಿಯೂ ಬರುತ್ತಿತ್ತು ಎಂದು ಆಣೆ ಮಾಡಿದಳು. ಒಬ್ಬಾಕೆ ಸಿಟ್ಟಾದಳು: "ಈಗ್ಯಾಕೆ ಇಂಥಾ ಮಾತು? ಇದ್ದ ಒಂದು ಧೈರ್ಯಾನೂ ಕಿತ್ಕೋತೀರಾ?" ಅವರು ಅನ್ನಿಸಿತ್ತು ಎಂದರೂ, ಇಲ್ಲ ಎಂದರೂ, ಅವಳಿಗೆ ಯಾವುದನ್ನೂ ನಂಬಲು ಆಗಲಿಲ್ಲ.

ಪಟ್ಟಿಯ ಕೊನೆಯಲ್ಲಿದ್ದವಳು ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಎರಡು ತಿಂಗಳಿಂದ ಕೆಮ್ಮು. ಕಫದಲ್ಲಿ ರಕ್ತ ಬರುತ್ತಿದೆ ಎಂದು ಹಿಂದೊಮ್ಮೆ ಮೆಲ್ಲಗೆ ಹೇಳಿದ್ದಳು.

"ನಾಳೇನೇ ಆಸ್ಪತ್ರೆಗೆ ಹೋಗೋಣ. ನಾನೇ ಜೊತೆಗೆ ಬರ್ತೀನಿ."

"ಯಾಕಕ್ಕ? ನಿಮ್ಮ ತಂಗಿಗೆ ಕರಗಿತಲ್ಲ!"

"ಕರಗಲಿಲ್ಲಮ್ಮ. ಸತ್ತುಹೋದಳು."

ಆ ಕಡೆ ಬಹಳ ಹೊತ್ತು ಕೆಮ್ಮು ಮಾತ್ರ ಕೇಳಿಸಿತು. ಆಮೇಲೆ ಫೋನ್ ಇಟ್ಟ ಸದ್ದು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕನ್ನಡಕದಕ್ಕ ಅವಳ ಮನೆ ಹುಡುಕಿಕೊಂಡು ಹೋದಳು. ಬೀದಿಗೆ ತೆರೆದ ಒಂದೇ ಕೋಣೆ; ಹಗ್ಗದ ತುಂಬ ಊರವರ ಅಂಗಿಗಳು, ಮೇಜಿನ ಮೇಲೆ ಹಚ್ಚದ ಇಸ್ತ್ರಿಪೆಟ್ಟಿಗೆ. ಬಾಗಿಲು ತೆರೆದೇ ಇತ್ತು. ಇಸ್ತ್ರಿಯವಳು ಚಾಪೆಯ ಮೇಲೆ ಕಾಲು ಬಿಡಿಸಿ, ಅಂಗೈ ಮೇಲೆ ಮಾಡಿ ಮಲಗಿದ್ದಳು. ಕಿವಿಯ ಪಕ್ಕದಲ್ಲಿ ಫೋನು. ಅದರೊಳಗೆ ಯಾರೋ ಒಬ್ಬ ಗಂಡಸು ನಯವಾದ ದನಿಯಲ್ಲಿ, ಈಗ ಶಕ್ತಿ ಹರಿದು ಬರುತ್ತಿದೆ ಎಂದು ಹೇಳುತ್ತಿದ್ದ.

"ಏಳಮ್ಮಾ," ಎಂದಳು ಅಕ್ಕ ಹೊಸ್ತಿಲಲ್ಲೇ ನಿಂತು. "ಕಾಲಿಗೆ ಬೀಳ್ತೀನಿ, ಎದ್ದು ಬಾ. ಹೊತ್ತು ಮೀರಿದ್ರೆ ಆಸ್ಪತ್ರೇಲಿ ಚೀಟಿ ಸಿಗಲ್ಲ."

ಇಸ್ತ್ರಿಯವಳು ಕಣ್ಣು ತೆರೆಯಲಿಲ್ಲ. ಒಂದು ಕೈ ಎತ್ತಿ, ಸುಮ್ಮನಿರು ಎಂಬಂತೆ ತುಟಿಯ ಮೇಲೆ ಬೆರಳಿಟ್ಟಳು. "ಬರ್ತಿದೆ," ಎಂದು ಪಿಸುಗುಟ್ಟಿದಳು. ಕೆಮ್ಮು ಬಂದಾಗ ಮೈಯೆಲ್ಲ ಮುದುಡಿ ಮತ್ತೆ ನೆಟ್ಟಗಾಯಿತು.

ಅಕ್ಕ ಹೊಸ್ತಿಲ ಹೊರಗೆ ಕೂತಳು. ಅದು ಮುಗಿಯುವವರೆಗೂ ಕಾದಳು, ಮುಗಿದ ಮೇಲೆ ಮತ್ತೆ ಕೇಳಿದಳು. ಇಸ್ತ್ರಿಯವಳು ಎದ್ದು ಬಂದು, ಅವಳ ಮುಖದೆದುರೇ ಬಾಗಿಲು ಎಳೆದುಕೊಂಡಳು.