ನೋಡದೆ ಹಿಡಿದ ಚೇಣಿ

ನರಸಿಂಹರಾಜಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ವೀರೇಶ್ ತಂಗಿಯ ಕೈಗೆ ಪೆನ್ನು ತುರುಕಿದ.

"ಹಾಕೇ ಸೈನು. ಗದ್ದೆ ತಗೊಳ್ಳೋರು ಒಳಗೆ ಕಾಯ್ತಾ ಕೂತಿದ್ದಾರೆ."

ನೀಲಾಂಬಿಕೆ ಪೆನ್ನು ಹಿಡಿದಳು, ಕಾಗದ ಮುಟ್ಟಲಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ಮಾತಾಡಬೇಕೆಂದರೆ ಅವಳ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಮಾರಾಟಕ್ಕಿದ್ದದ್ದು ಮುತ್ತಿನಕೊಪ್ಪದ ರಸ್ತೆ ಪಕ್ಕದ ಗದ್ದೆ. ಅವಳೂ ಅಮ್ಮ ಶಂಕರಮ್ಮನೂ ವರ್ಷವಿಡೀ ಉಣ್ಣುತ್ತಿದ್ದದ್ದು ಅದರ ಅಕ್ಕಿಯನ್ನೇ. ಅಡಿಕೆ ತೋಟ ಮಾರಿ ಆಗಲೇ ಒಂದೂವರೆ ವರ್ಷವಾಗಿತ್ತು. ಆಗಲೂ, ಹೆಣ್ಣುಮಗಳಿಗೂ ಪಾಲಿದೆ, ಸಹಿ ಬೇಕೆಂದು ಅಣ್ಣ ಇದೇ ಜಗಲಿಗೆ ಕರೆತಂದಿದ್ದ. ಅವಳು ಓದದೆ ಹಾಕಿದ್ದಳು.

ವೀರೇಶನದು ಚೇಣಿ ವ್ಯಾಪಾರ. ಅಡಿಕೆ ಇನ್ನೂ ಮರದ ಮೇಲೆ ಹಸಿರಾಗಿರುವಾಗಲೇ ಊರವರ ಫಸಲನ್ನು ಮುಂಗಡ ಕೊಟ್ಟು ಹಿಡಿಯುವುದು. ಕೊಳೆರೋಗ ಬಂದು ಕಾಯಿ ಉದುರಿದರೆ ತೋಟದವರ ಜಗಲಿಯಲ್ಲಿ ಕುಳಿತು, ಎರಡು ಸಲ ಎಲೆಯಡಿಕೆಯ ಕವಳ ಹಾಕಿ, ಒಪ್ಪಿದ ದರದಲ್ಲಿ ಒಂದಷ್ಟು ಇಳಿಸಿಕೊಂಡೇ ಏಳುತ್ತಿದ್ದ. ದುಬೈಯಲ್ಲಿ ಕೆಲಸಕ್ಕಿದ್ದ ದೊಡ್ಡಮ್ಮನ ಮಗ ರೇಣುಕಾಪ್ರಸಾದ್, ಇನ್ನೂ ಏಳದ ಕಟ್ಟಡದ ಎಂಟನೇ ಮಹಡಿಯ ಫ್ಲ್ಯಾಟಿನ ಚಿತ್ರ ತೋರಿಸಿದಾಗ ವೀರೇಶ್ ತೊಡೆ ತಟ್ಟಿದ್ದ.

"ಇದೂ ಚೇಣಿನೇ ಮಾರಾಯ! ಕಾಯಿ ಬಲಿಯೋದ್ರೊಳಗೆ ಇನ್ನೊಬ್ಬನಿಗೆ ದಾಟಿಸಿದ್ರೆ ಆಯ್ತು."

ಊರಿನ ಚೇಣಿಗಾದರೆ ಮರಮರದ ಬುಡಕ್ಕೂ ಹೋಗಿ ಕತ್ತೆತ್ತಿ ನೋಡುವವನು, ತೋಟದ ದುಡ್ಡನ್ನು ಈ ಫ್ಲ್ಯಾಟಿಗೆ ಮುಂಗಡ ಕೊಟ್ಟಾಗ ದುಬೈಯನ್ನು ನೋಡಿರಲಿಲ್ಲ.

ನೋಡಿದವಳು ನೀಲಾಂಬಿಕೆ. ರೇಣುಕಾಪ್ರಸಾದ್ ಕಳಿಸಿದ್ದ ಆ ಕಟ್ಟಡದ ಎರಡು ಫೋಟೊಗಳನ್ನು ಅಣ್ಣ ಗೋಡೆಗೆ ಅಂಟಿಸಿದ್ದ. ದೀಪಾವಳಿಗೆ ಬಂದದ್ದರಲ್ಲಿ ಕ್ರೇನಿನ ಕೊಕ್ಕೆಗೆ ಒಂದು ನೀಲಿ ಡ್ರಮ್ಮು ನೇತಾಡುತ್ತಿತ್ತು. ಸಂಕ್ರಾಂತಿಗೆ ಬಂದದ್ದರಲ್ಲೂ ಅದೇ ಡ್ರಮ್ಮು, ಅದೇ ಎತ್ತರದಲ್ಲಿ. ಕಟ್ಟಡ ನಾಲ್ಕನೇ ಮಹಡಿಗೇ ನಿಂತಿತ್ತು.

ಡಿಸೆಂಬರಿನಲ್ಲಿ ಪೆಟ್ರೋಲು ಐದು ರೂಪಾಯಿ ಇಳಿದ ದಿನ ವೀರೇಶ್ ಓಮ್ನಿಯ ಟ್ಯಾಂಕು ತುಂಬಿಸಿ, ಖುಷಿಗೆ ಮನೆಗೆ ಜಿಲೇಬಿ ತಂದಿದ್ದ. ಎಣ್ಣೆಯ ಬೆಲೆ ಕುಸಿದು ಗಲ್ಫಿನಲ್ಲಿ ಕಟ್ಟಡಗಳು ಅರ್ಧಕ್ಕೇ ನಿಂತಿವೆಯೆಂದು ಅವಳು ಪೇಪರಿನಲ್ಲಿ ಓದಿದ್ದು ಅದೇ ವಾರ.

"ಅಣ್ಣ, ಅಲ್ಲಿಯೋರಿಗೆ ಎಣ್ಣೆ ಅಂದ್ರೆ ನಮಗೆ ಅಡಿಕೆ ಇದ್ದಂಗಲ್ವಾ? ಅದೇ ಬಿದ್ರೆ?" ಎಂದು ಕೇಳಿದ್ದಳು.

"ನೀನು ಹೋಗಿ ಹಾಲು ಕರಿ," ಎಂದಿದ್ದ.

ಈಗ ಅವಳ ಬಾಯಿಂದ ಮೊದಲು ಹೊರಟದ್ದು, "ಆ ಡ್ರಮ್ಮು ಇನ್ನೂ ಕೆಳಗಿಳಿದಿಲ್ಲ ಅಣ್ಣ."

"ಯಾವ ಡ್ರಮ್ಮೇ?"

"ಫೋಟೊದ್ದು. ದೀಪಾವಳಿಗೂ ಅಲ್ಲೇ, ಸಂಕ್ರಾಂತಿಗೂ ಅಲ್ಲೇ. ಕೆಲಸ ನಿಂತಿದೆ."

ಜಗಲಿಯಲ್ಲೇ ಮೇಜು ಹಾಕಿಕೊಂಡು ಪತ್ರ ಬರೆಯುವ ಕರಿಯಣ್ಣ ಕಿಸಕ್ಕೆಂದ. "ನಿನ್ ತಂಗಿ ಇಂಜಿನಿಯರ್ರು ಕಣಯ್ಯ."

ವೀರೇಶನ ಮುಖ ಕಪ್ಪಿಟ್ಟಿತು. "ಫ್ಲ್ಯಾಟಿನ ಈ ಕಂತು ಕಟ್ಟದಿದ್ರೆ ಕೊಟ್ಟಿದ್ದೆಲ್ಲ ಮುಳುಗ್ತದೆ, ಗೊತ್ತೇನೇ ದರಿದ್ರದೋಳೆ? ಉಳಿದ ಕಂತು ಕೂತು ಮಾತಾಡಿ ಇಳಿಸ್ಕೋತೀನಿ."

"ಯಾರ ಜಗಲೀಲಿ ಕೂರ್ತೀಯಾ?"

ಅವನು ಮೊಬೈಲು ತೆಗೆದು ರೇಣುಕಾಪ್ರಸಾದನಿಗೆ ಒತ್ತಿದ. ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದ. ಯಾವಳೋ ಹೆಂಗಸು ಅರ್ಥವಾಗದ ಭಾಷೆಯಲ್ಲಿ ಏನೋ ಹೇಳಿದಳು, ಕರೆ ಕಡಿಯಿತು. ಮತ್ತೆ ಒತ್ತಿದ. ಅವಳೇ. ಮೂರನೇ ಸಲವೂ ಅವಳೇ.

"ಚಾರ್ಜ್ ಇರ್ಲಿಕ್ಕಿಲ್ಲ," ಎಂದ ವೀರೇಶ್. "ಹಾಕೇ."

ನೀಲಾಂಬಿಕೆ ಪೆನ್ನಿಗೆ ಮುಚ್ಚಳ ಹಾಕಿ ಕರಿಯಣ್ಣನ ಮೇಜಿನ ಮೇಲಿಟ್ಟಳು. "ಗದ್ದೆ ಕೊಡಲ್ಲ."

"ಹಂಗಾದ್ರೆ ನಾನು ನಿಂಗೆ ಅಣ್ಣನೇ ಅಲ್ಲ. ನಾಳೆ ನಿನ್ ಲಗ್ನಪತ್ರಿಕೇಲಿ ನನ್ ಹೆಸರು ಹಾಕ್ಸಿದ್ರೆ ಹರಿದು ಬಿಸಾಕ್ತೀನಿ! ಅಮ್ಮಾ, ಹತ್ತು ಗಾಡಿ."

ಅಷ್ಟು ಹೊತ್ತೂ ಕಂಬಕ್ಕೊರಗಿ ಕೂತಿದ್ದ ಶಂಕರಮ್ಮ ಎದ್ದಳು. ಮಗಳ ಪರ ಒಂದು ಮಾತಾಡಬಹುದೆಂದು ನೀಲಾಂಬಿಕೆ ಕಾದಳು.

"ಈ ಬಾಯಿ ಅವತ್ತು ಎಲ್ಲಿ ಸತ್ತಿತ್ತೇ?" ಎಂದಳು ಶಂಕರಮ್ಮ. "ತೋಟನಾದ್ರೂ ಉಳೀತಿತ್ತು." ಹೇಳಿ, ಮಗನ ಪಕ್ಕದಲ್ಲಿ ಹತ್ತಿ ಕೂತಳು.

ಓಮ್ನಿ ಧೂಳೆಬ್ಬಿಸಿ ಹೋಯಿತು. ಮುತ್ತಿನಕೊಪ್ಪದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನೀಲಾಂಬಿಕೆ ಸಹಿಯಿಲ್ಲದ ಆ ಪತ್ರವನ್ನು ಮೇಜಿನಿಂದ ಎತ್ತಿಕೊಂಡು, ಈ ಸಲ ಮೊದಲ ಸಾಲಿನಿಂದ ಓದತೊಡಗಿದಳು.