ಬೇಕರಿ ಕೇಕು, ಮನೆಯ ಕರ್ಜಿಕಾಯಿ

ಡಿಸೆಂಬರ್ ಬಂತೆಂದರೆ ಆ ಶಾಲೆಯ ಸ್ಟಾಫ್ ರೂಮಿನಲ್ಲಿ ಕ್ರಿಸ್ಮಸ್ ಮಾತು ಶುರುವಾಗುತ್ತಿತ್ತು. ಶುರು ಮಾಡುವವಳು ಯಾವಾಗಲೂ ಮಹಾಲಕ್ಷ್ಮಿ.

"ಹರಿತಾ, ಈ ಸಲ ಕೇಕು ಯಾವ ಬೇಕರಿದು ತರ್ತಿ? ಹೋದ ವರ್ಷದ್ದು ಬಾಯಾಗಿಟ್ರ ಕರಗ್ತಿತ್ತು ನೋಡು. ಅದೇ ಇರ್ಲಿ. ಎಗ್‌ಲೆಸ್ ಅಂತ ಮಾತ್ರ ಇನ್ನೊಂದು ಸಲ ಹೇಳವ್ವ ಅವನಿಗೆ."

"ಆತು ಬಿಡಕ್ಕ," ಎಂದು ಹರಿತಾ ನಗುತ್ತಿದ್ದಳು.

ಆಂಧ್ರದ ಆದೋನಿಯ ಆ ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ, ಗದರಿಕೆ ತೆಲುಗಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಟೀಚರುಗಳು ಮೂವರೇ. ಆ ಕನ್ನಡವೇ ಅವರನ್ನು ಗೆಳತಿಯರನ್ನಾಗಿ ಮಾಡಿತ್ತು. ಸೈನ್ಸ್ ಹೇಳುವ ಮಹಾಲಕ್ಷ್ಮಿ ಹತ್ತಿ ವ್ಯಾಪಾರಸ್ಥರ ಮನೆಯ ಸೊಸೆ, ಹಣೆಯ ಮೇಲೆ ವಿಭೂತಿ ಇಲ್ಲದೆ ಹೊರಬಿದ್ದವಳಲ್ಲ. ಎಮ್ಮಿಗನೂರಿನಿಂದ ಬಸ್ಸಿಗೆ ಬರುವ ಅಶ್ವಿನಿ ಅವಳಿಗೆ ದೂರದ ನೆಂಟಳು, ಸಣ್ಣ ಮಕ್ಕಳ ಟೀಚರ್. ಲೆಕ್ಕ ಹೇಳುವ ಹರಿತಾ ಚಿಪ್ಪಗಿರಿ ಕಡೆಯ ಹಳ್ಳಿಯವಳು. ತಾಯಿ ಉರುಕುಂದಮ್ಮನ ಜೊತೆ ಆದೋನಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಉರುಕುಂದದ ಈರಣ್ಣ ದೇವರಿಗೆ ಹರಕೆ ಹೊತ್ತು ಹೆತ್ತ ಮಗಳೆಂದು ತಾಯಿಗೆ ಆ ಹೆಸರು. ಆಮೇಲೆ ಮನೆಯವರೆಲ್ಲ ಚರ್ಚಿಗೆ ನಡೆದುಕೊಂಡರೂ ಆಕೆ ಹೆಸರು ಬಿಡಲಿಲ್ಲ. "ನಮ್ಮವ್ವ ಇಟ್ಟದ್ದು, ಇರ್ಲಿ ಬಿಡ್ರಿ" ಎಂದು ಪಾಸ್ಟರಿಗೇ ಹೇಳಿದ್ದಳಂತೆ.

ಒಂದು ದಿನ ಊಟದ ಹೊತ್ತಿನಲ್ಲಿ ಮಾತು ಕೇಕಿನಿಂದ ಸೀರೆಗೆ, ಸೀರೆಯಿಂದ ಮನೆಗೆಲಸದವರಿಗೆ ಹೊರಳಿತು.

"ನಮ್ಮತ್ತಿ ಅಡಿಗಿಗೆ ಹೊಸಾಕಿನ್ನ ಇಟ್ಕೊಂಡಾಳ," ಎಂದಳು ಮಹಾಲಕ್ಷ್ಮಿ. "ಎಷ್ಟೋ ಮಂದಿ ಬಂದ್ರು, ಎಲ್ಲಾರ್ನೂ ಕೇಳಿ ಕೇಳಿ ಕಳಿಸಿಬಿಟ್ಲು. ಕೈರುಚಿ ಇರ್ಲಿ ಬಿಡ್ಲಿ, ಯಾರ ಪೈಕಿ ಅಂತ ಗೊತ್ತಾಗ್ಬೇಕಲ್ಲ? ಕಂಡಕಂಡೋರ ಕೈಲಿಂದ ತಿನ್ನಾಕ ಆಗ್ತದೇನು?"

"ಅದೂ ಖರೇನ," ಎಂದಳು ಅಶ್ವಿನಿ.

ಮಹಾಲಕ್ಷ್ಮಿಯ ಡಬ್ಬಿಯಿಂದ ಬದನೆಕಾಯಿ ಪಲ್ಯ ಹಾಕಿಕೊಳ್ಳುತ್ತಿದ್ದ ಹರಿತಾಳ ಕೈ ಅಲ್ಲೇ ನಿಂತಿತು. ಅವರಿಬ್ಬರಿಗೂ ಏನೂ ಗೊತ್ತಾಗಲಿಲ್ಲ. ಮಾತು ಆಗಲೇ ಬಸ್ಸಿನ ರಶ್ಶಿಗೆ ಹೋಗಿತ್ತು. ಹರಿತಾ ತನ್ನ ಡಬ್ಬಿ ನೋಡಿಕೊಂಡಳು. ಮಡಚಿಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ನಡುವೆಯೇ ಇಟ್ಟಿದ್ದಳು. ಯಾರೂ ಮುಟ್ಟಿರಲಿಲ್ಲ. ನೆನಪು ಮಾಡಿಕೊಂಡರೆ ಯಾವತ್ತೂ ಮುಟ್ಟಿರಲಿಲ್ಲ. "ನಿನ್ನ ಪಲ್ಯ ಖಾರವ್ವ" ಎನ್ನುವರು, "ಹೊಟ್ಟಿ ತುಂಬೇತಿ" ಎನ್ನುವರು. ಅವಳ ಕೈಯಿಂದ ಅವರು ತಿಂದದ್ದೆಂದರೆ ಬೇಕರಿಯ ಕೇಕು, ಸುಲಿಯದ ಬಾಳೆಹಣ್ಣು, ಅಂಗಡಿಯವನು ಮಾಡಿದ ಚಹಾ. ಅವರು ಮಾಂಸ ಮುಟ್ಟದವರೆಂದು ತಾನು ಶಾಲೆಯ ಡಬ್ಬಿಯಲ್ಲಿ ಒಂದು ಮೊಟ್ಟೆ ಸಹ ತಂದವಳಲ್ಲ. ಡಬ್ಬಿಗೆ ಮುಚ್ಚಳ ಹಾಕಿದಳು.

ಸಂಜೆ ಮನೆಗೆ ಬಂದವಳೇ ತಾಯಿಗೆ ಹೇಳಿದಳು: "ಈ ಸಲ ಕೇಕು ತರಂಗಿಲ್ಲವ್ವ. ಕರ್ಜಿಕಾಯಿ ನಾನೇ ಮಾಡಿ ಒಯ್ತೀನಿ."

ಉರುಕುಂದಮ್ಮ ಎಲ್ಲ ಕೇಳಿ, "ಒಯ್ದಂಗ ವಾಪಸ್ ತರ್ತಿ ಮಗಳೇ," ಎಂದಳು.

"ನಿಮ್ಮ ಕಾಲ ಬ್ಯಾರೆ ಇತ್ತವ್ವ. ಅವ್ರು ಓದಿದೋರು."

"ಓದಿದೋರು ಬೈದು ಬ್ಯಾಡ ಅನ್ನಂಗಿಲ್ಲ. ನಕ್ಕೋಂತ ಬ್ಯಾಡ ಅಂತಾರ, ಅಷ್ಟೇ."

ತಾಯಿಯ ಮೇಲೂ ಹರಿತಾಳಿಗೆ ಸಿಟ್ಟು ಬಂತು. ಮೊಟ್ಟೆ ಮುಟ್ಟಿದ ಪಾತ್ರೆ ಬೇಡವೆಂದು ಹೊಸ ಬಾಣಲೆ ತಂದಳು. ಒಣಕೊಬ್ಬರಿ, ಪುಟಾಣಿ, ಬೆಲ್ಲ, ಏಲಕ್ಕಿ ಕೂಡಿಸಿ, ಭಾನುವಾರ ಚರ್ಚಿನಿಂದ ಬಂದಮೇಲೆ ಕೂತು ಕರಿದಳು. ವಾಪಸ್ ತರ್ತಿ ಎಂದಿದ್ದ ತಾಯಿಯೇ ಬಂದು ಪಕ್ಕದಲ್ಲಿ ಕೂತು ಅಂಚು ಮಡಚಿಕೊಟ್ಟಳು.

ಸೋಮವಾರ ಶಾಲೆಯಲ್ಲಿ ಸೆಮಿ ಕ್ರಿಸ್ಮಸ್. ಹಬ್ಬಕ್ಕೆ ಮೊದಲೇ ಶಾಲೆ, ಆಫೀಸುಗಳಲ್ಲಿ ಎಲ್ಲರೂ ಸೇರಿ ಮಾಡುವ ಹಬ್ಬಕ್ಕೆ ಆ ಕಡೆ ಅದೇ ಹೆಸರು. ಮಕ್ಕಳು ಕೆಂಪು ಟೊಪ್ಪಿಗೆ ಹಾಕಿಕೊಂಡು ಓಡಾಡುತ್ತಿದ್ದರು. ಊಟದ ಹೊತ್ತಿಗೆ ಹರಿತಾ ಡಬ್ಬಿ ತೆಗೆದಳು.

"ಅಕ್ಕ, ತುಪ್ಪದಾಗ ಕರದೀನಿ. ನಾನೇ ಮಾಡಿದ್ದು. ತಗೋರಿ."

ಮಹಾಲಕ್ಷ್ಮಿ ನಕ್ಕಳು. "ಅಯ್ಯ ನಮ್ಮವ್ವ, ಇವತ್ತು ಸೋಮವಾರಲ್ಲ? ನಂದು ಒಪ್ಪತ್ತು. ರಾತ್ರಿ ಪೂಜಿ ಆಗತನ ಏನೂ ಮುಟ್ಟಂಗಿಲ್ಲ. ಕಟ್ಟಿಕೊಡು, ಮನಿಗೆ ಒಯ್ತೀನಿ."

ಅಶ್ವಿನಿ ಗಲ್ಲ ಹಿಡಿದುಕೊಂಡು, "ನನಗ ಹಲ್ಲು ನೋವು ಹರಿತಾ, ಗಟ್ಟಿದು ಕಡ್ಯಾಕ ಆಗಂಗಿಲ್ಲ," ಎಂದಳು. ಹರಿತಾಳ ಮುಖ ಮಾತ್ರ ನೋಡಲಿಲ್ಲ.

ಸೋಮವಾರದ ವ್ರತ ಸುಳ್ಳಲ್ಲವಲ್ಲ ಎಂದು ಹರಿತಾ ತನಗೆ ತಾನೇ ಸಮಾಧಾನ ಹೇಳಿಕೊಂಡು ಒಂದಷ್ಟು ಕರ್ಜಿಕಾಯಿಗಳನ್ನು ಪೇಪರಿನಲ್ಲಿ ಕಟ್ಟಿಕೊಟ್ಟಳು. ಊಟದ ನಂತರದ ಪೀರಿಯಡ್ಡಿಗೆ ಮೆಟ್ಟಿಲು ಹತ್ತುವಾಗ ಶಾಲೆಯ ಆಯಾ ಎದುರಾದಳು. ಕೈಯಲ್ಲಿ ಅದೇ ಪೇಪರಿನ ಪೊಟ್ಟಣ, ಬಾಯಿ ತುಂಬ ಕರ್ಜಿಕಾಯಿ.

"ಮಹಾಲಕ್ಷ್ಮಿ ಮೇಡಂ ಕೊಟ್ರು ಮೇಡಂ. ನೀವು ಮಾಡಿದ್ದಂತಲ್ರೀ? ಚಾಲಾ ಬಾಗುನ್ನಾಯಿ, ಭಾಳ ಚಲೋ ಅದಾವು!"

ಹರಿತಾ ನಗಲು ನೋಡಿದಳು. ಅವತ್ತು ಏಳನೇ ತರಗತಿಯ ಮಕ್ಕಳು ಏನು ಕೇಳಿದರೋ, ತಾನು ಬೋರ್ಡಿನ ಮೇಲೆ ಏನು ಬರೆದಳೋ ಅವಳಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹಾಲಿನಲ್ಲಿ ಕೇಕು ಕತ್ತರಿಸಿದರು. ಶಾಲೆ ನಡೆಸುವ ಕರೆಸ್ಪಾಂಡೆಂಟ್ ತರಿಸಿದ್ದ ದೊಡ್ಡ ಬೇಕರಿ ಕೇಕು. ಸಣ್ಣ ಮಕ್ಕಳು ಹಾಡುತ್ತಿದ್ದರು. ಮಹಾಲಕ್ಷ್ಮಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇನ್ನೊಂದು ತುಂಡು ಹಿಡಿದು ಹರಿತಾಳ ಹತ್ತಿರ ಬಂದಳು. ಎಡಗೈಯಲ್ಲಿ ಫೋನು ಎತ್ತಿ ಹಿಡಿದಿದ್ದಳು.

"ಬಾಯಿ ತೆಗಿ, ಹ್ಯಾಪಿ ಕ್ರಿಸ್ಮಸ್!"

ಫೋಟೋ ಕ್ಲಿಕ್ಕಾಯಿತು. ಆಗ ಹರಿತಾ ಅವಳ ಮುಂಗೈ ಹಿಡಿದುಕೊಂಡಳು.

"ಒಪ್ಪತ್ತು ಮುಗೀತೇನಕ್ಕ?"

"ಅಯ್ಯ, ಒಂದು ತುಣುಕು ಕೇಕಿಗೆ..."

"ಒಂದು ಕರ್ಜಿಕಾಯಿಗೆ ಕೆಡೋ ವ್ರತ ಕೇಕಿಗೆ ಕೆಡಂಗಿಲ್ಲೇನು? ಬೇಕರಿಯವ ಯಾರ ಪೈಕಿ, ಕೇಳಿ ಬಂದಿದ್ರೇನು?"

ಸುತ್ತಲಿನವರು ತಿರುಗಿ ನೋಡಿದರು. ಮಹಾಲಕ್ಷ್ಮಿ ದನಿ ತಗ್ಗಿಸಿದಳು. "ಎಲ್ಲಾರ ಮುಂದ ಇದೇನು ಹರಿತಾ? ನಾನೇನು ಜಾತಿ ಮಾಡಾಕಿಯೇನು? ನಿನ್ನ ತಂಗಿ ಅಂತ ತಿಳ್ಕೊಂಡೀನಿ. ನಮ್ಮ ಮನ್ಯಾಗ ಒಪ್ಪಂಗಿಲ್ಲ, ಅಷ್ಟೇ."

"ಇದು ನಿಮ್ಮ ಮನಿ ಅಲ್ಲಕ್ಕ, ಸಾಲಿ. ಇಲ್ಲಿ ನಿಮ್ಮತ್ತಿ ಇಲ್ಲ. ತಂಗಿ ಮಾಡಿದ್ದನ್ನ ಆಯಾಗ ಕೊಟ್ಟು ಕೈ ತೊಳ್ಕೊಂಡ್ರಿ. ಬ್ಯಾಡಾಗಿದ್ರ ಬ್ಯಾಡ ಅನ್ಬೇಕಿತ್ತು. ಇಷ್ಟು ವರ್ಷ ನನ್ನ ಮುಂದ ಕೂತು ಉಂಡ್ರಲ್ಲ, ಒಂದಿನರ ಖರೆ ಹೇಳಿದ್ರೇನು?"

ಮಹಾಲಕ್ಷ್ಮಿ ಮುಂಗೈ ಬಿಡಿಸಿಕೊಂಡಳು. ಅಶ್ವಿನಿ ಮುಂದೆ ಬಂದು, "ಕರ್ಜಿಕಾಯಿ ಇನ್ನೂ ಇದ್ರ ಕೊಡು ಹರಿತಾ, ನಾ ತಿಂತೀನಿ," ಎಂದು ಕೈ ಚಾಚಿದಳು.

"ಜಗಳಕ್ಕಂಜಿ ತಿನ್ನಬ್ಯಾಡ," ಎಂದು ಹರಿತಾ ಹೊರಗೆ ನಡೆದಳು.

ಮನೆಗೆ ಬಂದು ಫೋನು ನೋಡಿದರೆ ಮಹಾಲಕ್ಷ್ಮಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಆ ಫೋಟೋ. ಕೆಳಗೆ ತೆಲುಗಿನಲ್ಲಿ, ತಂಗಿ ಹರಿತಾಳ ಜೊತೆ ಕ್ರಿಸ್ಮಸ್, ನಮ್ಮಲ್ಲಿ ಭೇದವಿಲ್ಲ ಎಂದು ಬರೆದು ಹೂವಿನ ಚಿತ್ರ ಚೆಲ್ಲಿದ್ದಳು. ಹರಿತಾ ತಕ್ಷಣ ಫೋನು ಹಚ್ಚಿದಳು.

"ಅಕ್ಕ, ಫೋಟೋ ತೆಗೀರಿ."

"ಸಿಟ್ಟು ಬಿಡವ್ವ. ಎಷ್ಟು ಮಂದಿ ಛಂದ ಐತಿ ಅಂದಾರ ಗೊತ್ತೇನು?"

"ನನ್ನ ಮಾರಿ ಅದು. ತೆಗೀರಿ."

ಫೋಟೋ ಹೋಯಿತು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಉರುಕುಂದಮ್ಮ, ನಾ ಹೇಳಿರಲಿಲ್ಲವೇ ಎನ್ನಲಿಲ್ಲ. "ಚಲೋ ಅಂದಿ," ಎಂದಳು. "ನಾವು ಅನ್ನಲಿಲ್ಲ ನೋಡು." ಉಳಿದ ಕರ್ಜಿಕಾಯಿಗಳನ್ನು ಹಬ್ಬಕ್ಕೆ ತಮ್ಮ ಹಳ್ಳಿಗೆ ಒಯ್ದಾಗ ಚರ್ಚಿನ ಅಂಗಳದ ಮಕ್ಕಳು ಕ್ಷಣದಲ್ಲಿ ಖಾಲಿ ಮಾಡಿದರು.

ರಜೆ ಮುಗಿದಮೇಲೆ ಹರಿತಾ ಸ್ಟಾಫ್ ರೂಮಿನ ಇನ್ನೊಂದು ಮೂಲೆಯಲ್ಲಿ ಊಟಕ್ಕೆ ಕೂತಳು. ಮಹಾಲಕ್ಷ್ಮಿ ಮೊದಲಿನ ಜಾಗದಲ್ಲೇ ಕೂತು, ಎಲ್ಲರಿಗೂ ಕೇಳುವಂತೆ ಸಂಕ್ರಾಂತಿಯ ಸೀರೆಯ ಮಾತು ತೆಗೆದಿದ್ದಳು. ಅಶ್ವಿನಿ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ, ಡಬ್ಬಿ ಎತ್ತಿಕೊಂಡು ಹರಿತಾಳ ಎದುರಿಗೆ ಬಂದು ಕೂತಳು.

"ಅವತ್ತು ಹಲ್ಲು ನೋವು ಇರ್ಲಿಲ್ಲ ಹರಿತಾ," ಎಂದಳು.

"ಗೊತ್ತು."

ಅಶ್ವಿನಿ ಹರಿತಾಳ ಡಬ್ಬಿಯಿಂದ ರೊಟ್ಟಿ ಮುರಿದುಕೊಂಡು ಚಟ್ನಿ ಹಚ್ಚಿಕೊಂಡಳು. ಆ ಕಡೆಯಿಂದ ಮಹಾಲಕ್ಷ್ಮಿ, "ಅಶ್ವಿನಿ, ಬಾರವ್ವ ಇಲ್ಲಿ," ಎಂದು ಕೂಗಿದಳು. ಅಶ್ವಿನಿ ಬಾಯಲ್ಲಿದ್ದ ತುತ್ತು ಅಗಿಯುತ್ತಲೇ ತಲೆಯಾಡಿಸಿದಳು, ಏಳಲಿಲ್ಲ. ಅದಕ್ಕಾಗಿ ಅವಳನ್ನು ಮೆಚ್ಚಬೇಕೆಂದು ಹರಿತಾಳಿಗೆ ಅನ್ನಿಸಲಿಲ್ಲ. ಒಂದು ತುತ್ತು ರೊಟ್ಟಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂಬ ಸಿಟ್ಟು ಇನ್ನೂ ಎದೆಯಲ್ಲಿ ಕುದಿಯುತ್ತಿತ್ತು. ಆದರೂ ಡಬ್ಬಿಯನ್ನು ಅವಳ ಕಡೆಗೆ ಸ್ವಲ್ಪ ಸರಿಸಿದಳು.